ಮನೆಯ ಔಷಧಿ ಡಬ್ಬದಲ್ಲಿ ಏನೇನಿರಬೇಕು? ಏನಿರಬಾರದು ಅನ್ನೋದನ್ನೂ ಹೇಳಿ

ನಿದ್ದೆಗೆಟ್ಟವಳು

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಎರಡು ಗಂಟೆಗೆ ಮಗಳ ಮೈ ಮುಟ್ಟಿದರೆ ಕೆಂಡ. ನಾಲ್ಕು ವರ್ಷದವಳು. ಔಷಧಿ ಡಬ್ಬ ತೆಗೆದೆ. ಡಬ್ಬ ಅಂತ ಹೆಸರಿಗೆ, ಅದೊಂದು ಹಳೆಯ ಚಪ್ಪಲಿ ಪೆಟ್ಟಿಗೆ. ಅದರಲ್ಲಿ ಜ್ವರದ ಸಿರಪ್ ಮೂರು ಬಾಟಲಿ ಇದ್ದವು. ಒಂದರ ಮೇಲೆ 5 ಮಿ.ಲೀ.ಗೆ 120 ಮಿ.ಗ್ರಾಂ ಅಂತಿದೆ. ಇನ್ನೊಂದರ ಮೇಲೆ 5 ಮಿ.ಲೀ.ಗೆ 250. ಮೂರನೆಯದರ ಲೇಬಲ್ ಮೇಲೆ ಸಿರಪ್ಪೇ ಸುರಿದು ಅಕ್ಷರ ಅಳಿಸಿಹೋಗಿದೆ. ಹಿಂದಿನ ಸಲ ಕೊಟ್ಟಿದ್ದು ಯಾವುದು, ಎಷ್ಟು, ಒಂದೂ ನೆನಪಿಲ್ಲ. ಥರ್ಮಾಮೀಟರ್ ಒತ್ತಿದರೆ ಉಸಿರೇ ಇಲ್ಲ, ಬ್ಯಾಟರಿ ಸತ್ತಿದೆ. ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು ಹತ್ತಾರು. ಯಾವುದಕ್ಕೂ ಹೆಸರಿಲ್ಲ.

ಕೊನೆಗೆ ಗಂಡ ಮೊಬೈಲ್ ಟಾರ್ಚ್ ಹಿಡಿದು, ನಾನು ಲೆಕ್ಕ ಹಾಕಿ, ಔಷಧಿ ಕೊಡುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಮಗಳು ಈಗ ಹುಷಾರಾಗಿದ್ದಾಳೆ. ನನಗೆ ಮಾತ್ರ ನಾಚಿಕೆಯಾಗಿದೆ.

ಮನೆಯಲ್ಲಿ ನಾವಿಬ್ಬರು, ಮಗಳು, ಮತ್ತೆ ಬಿಪಿ, ಶುಗರ್ ಇರುವ ಅತ್ತೆ. ಸಣ್ಣಪುಟ್ಟ ಕಾಯಿಲೆಗೆ ಡಬ್ಬದಲ್ಲಿ ಏನೇನು ಇಟ್ಟುಕೊಳ್ಳಬೇಕು? ಒಂದು ಪಟ್ಟಿ ಕೊಡಿ, ನಾಳೆಯೇ ತರುತ್ತೇನೆ.

ಹೊಸ ಅಪ್ಪ

ನಮ್ಮ ಮನೆ ಕಥೆಯನ್ನೇ ಬರೆದ ಹಾಗಿದೆ. ನಾನೂ ಕಾಯುತ್ತೇನೆ ಪಟ್ಟಿಗೆ.

ನೈಟ್ ಡ್ಯೂಟಿ

ಮೂವತ್ತು ವರ್ಷ ನರ್ಸ್ ಆಗಿ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಪಟ್ಟಿ ಆಮೇಲೆ ಕೊಡುತ್ತೇನಮ್ಮ. ನಿಮ್ಮ ಡಬ್ಬದಲ್ಲಿ ಕಮ್ಮಿ ಆಗಿದ್ದು ಔಷಧಿ ಅಲ್ಲ, ಜಾಸ್ತಿ ಆಗಿತ್ತು. ಒಂದೇ ಒಂದು ಬಾಟಲಿ ಇದ್ದಿದ್ದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು, ಅಲ್ವಾ? ಅದಕ್ಕೆ ನಾಳೆ ಅಂಗಡಿಗೆ ಹೋಗಬೇಡಿ. ಮೊದಲು ಒಂದು ಹಳೇ ಪೇಪರ್ ಹಾಸಿ ಡಬ್ಬವನ್ನು ಬೋರಲು ಹಾಕಿ. ಹೆಸರಿಲ್ಲದ್ದು, ತಾರೀಕಿಲ್ಲದ್ದು, ಯಾಕೆ ತಂದಿದ್ದು ಅಂತ ನೆನಪಿಲ್ಲದ್ದು, ಮೂರನ್ನೂ ಒಂದು ಕಡೆ ಗುಡ್ಡೆ ಮಾಡಿ.

ಸಿರಪ್ ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ಪ್ಯಾರಸಿಟಮಾಲ್ ಅನ್ನು ಮಕ್ಕಳಿಗೆ ವಯಸ್ಸಿಗಿಂತ ತೂಕ ನೋಡಿ ಕೊಡುವುದು ಸರಿ. ಒಂದು ಸಲಕ್ಕೆ ಒಂದು ಕೆಜಿ ತೂಕಕ್ಕೆ 15 ಮಿ.ಗ್ರಾಂ. ಮಗು 16 ಕೆಜಿ ಇದೆ ಅಂದುಕೊಳ್ಳಿ, 240 ಮಿ.ಗ್ರಾಂ ಬೇಕು. 120ರ ಬಾಟಲಿಯಲ್ಲಿ ಅದು 10 ಮಿ.ಲೀ. 250ರ ಬಾಟಲಿಯಲ್ಲಿ 5 ಮಿ.ಲೀ.ಗೆ ಒಂದು ಹನಿ ಕಮ್ಮಿ. ಈಗ ಯೋಚಿಸಿ. "ಹೋದ ಸಲ 10 ಕೊಟ್ಟಿದ್ದೆ" ಅಂತ ನಿದ್ದೆಗಣ್ಣಲ್ಲಿ 250ರ ಬಾಟಲಿಯಿಂದ 10 ಮಿ.ಲೀ. ಹಾಕಿದರೆ ಎರಡರಷ್ಟು ಹೋಯಿತು. ಒಂದು ಸಲ ಹೀಗಾದರೆ ಹೆಚ್ಚಿನ ಮಕ್ಕಳಿಗೆ ಏನೂ ಆಗಲಿಕ್ಕಿಲ್ಲ. ಆದರೆ ಎರಡು ಮೂರು ದಿನ ಅದೇ ನಡೆದರೆ ಲಿವರ್‌ಗೆ ಪೆಟ್ಟು.

ಹಾಗಾಗಿ ಮನೆಯಲ್ಲಿ ಒಂದೇ ಸ್ಟ್ರೆಂತ್ ಇರಲಿ. ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಲೆಕ್ಕ ಒಂದು ಸಲ ಖಚಿತ ಮಾಡಿಕೊಂಡು, ಎಷ್ಟು ಮಿ.ಲೀ. ಅಂತ ಬಾಟಲಿ ಮೇಲೇ ಟೇಪ್ ಅಂಟಿಸಿ ಬರೆಯಿರಿ. ಪಕ್ಕದಲ್ಲಿ ಮಗುವಿನ ತೂಕ, ತೂಗಿದ ತಿಂಗಳು. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು, ದಿನಕ್ಕೆ ನಾಲ್ಕು ಸಲ ದಾಟಬಾರದು. ಅಳತೆಗೆ ಅಡುಗೆಮನೆ ಚಮಚ ಬೇಡವೇ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿ ಇಲ್ಲದ ಸಿರಿಂಜ್ ಸಿಗುತ್ತದೆ, ಅದನ್ನು ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ.

ಇನ್ನೊಂದು ಮಾತು. ಜ್ವರದ ಔಷಧಿ ಕೊಡುವುದು ಮಗುವಿಗೆ ಹಾಯೆನಿಸಲಿ ಅಂತ, ಥರ್ಮಾಮೀಟರ್‌ನ ಅಂಕಿ ಇಳಿಸಲಿಕ್ಕಲ್ಲ. ಮಗು ಆಡಿಕೊಂಡಿದ್ದರೆ, ನೀರು ಕುಡಿಯುತ್ತಿದ್ದರೆ, ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಕುಡಿಸಬೇಕಿಲ್ಲ.

ಹೊಸ ಅಪ್ಪ

ಮೇಡಂ, ನಮ್ಮದು ಎರಡು ತಿಂಗಳ ಕೂಸು. ನಮಗೂ ಇದೇ ಲೆಕ್ಕನಾ?

ನೈಟ್ ಡ್ಯೂಟಿ

ಇಲ್ಲಪ್ಪ. ಮೂರು ತಿಂಗಳ ಒಳಗಿನ ಕೂಸಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಬಂದರೆ ಡಬ್ಬ ತೆಗೆಯಬೇಡ, ಬಾಗಿಲು ತೆಗೆ. ಎಷ್ಟೇ ಹೊತ್ತಾಗಿರಲಿ ನೇರ ಆಸ್ಪತ್ರೆಗೆ.

ಕೌಂಟರ್ ಹಿಂದಿನವ

ಔಷಧಿ ಅಂಗಡಿಯಲ್ಲಿ ನಿಲ್ಲುವವನು ನಾನು. ನರ್ಸಮ್ಮ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಜನ ಹೆಸರು ಕೇಳುತ್ತಾರೆ, ಒಳಗೇನಿದೆ ಅಂತ ಕೇಳುವುದಿಲ್ಲ. ನೆಗಡಿ ಮಾತ್ರೆ ಅಂತ ಒಂದು, ಮೈಕೈ ನೋವಿಗೆ ಒಂದು, ಜ್ವರಕ್ಕೆ ಒಂದು ತಗೊಂಡು ಹೋಗುತ್ತಾರೆ. ಮೂರರಲ್ಲೂ ಪ್ಯಾರಸಿಟಮಾಲ್ ಇರುತ್ತದೆ! ದೊಡ್ಡವರಿಗೆ ಒಂದು ಸಲಕ್ಕೆ 500 ಮಿ.ಗ್ರಾಂನಿಂದ 1 ಗ್ರಾಂ, 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೇಲ್ಮಿತಿ. ಸಣಕಲು ಮೈಯವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಇನ್ನೂ ಕಮ್ಮಿಯಲ್ಲಿ ನಿಲ್ಲಿಸಬೇಕು. ಮೂರು ಬಗೆ ಮಾತ್ರೆ ನುಂಗುವವರಿಗೆ ಈ ಮಿತಿ ದಾಟಿದ್ದೇ ಗೊತ್ತಾಗುವುದಿಲ್ಲ. ಮಿತಿ ಮೀರಿದರೂ ಮೊದಲ ದಿನ ಏನೂ ಅನ್ನಿಸದೇ ಇರಬಹುದು, ಮೋಸ ಇರುವುದೇ ಅಲ್ಲಿ. ಇದಕ್ಕೆ ಮದ್ದು ಇದೆ, ಅಸಿಟೈಲ್‌ಸಿಸ್ಟೀನ್ ಅಂತ. ಎಂಟು ಗಂಟೆಯ ಒಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. "ನಾಳೆ ನೋಡೋಣ" ಅಂತ ಮಲಗಿದರೆ ಆ ಹೊತ್ತು ಕೈತಪ್ಪುತ್ತದೆ.

ಅದಕ್ಕೇ ನನ್ನ ಸಲಹೆ: ಡಬ್ಬದಲ್ಲಿ ಒಂದು ಮಾತ್ರೆಯಲ್ಲಿ ಒಂದೇ ಔಷಧಿ ಇರುವಂಥದ್ದು ಇಡಿ. ನಾಲ್ಕೈದು ಸೇರಿಸಿದ ನೆಗಡಿ ಮಾತ್ರೆ ಮನೆಗೆ ಬೇಡ.

ಸ್ಟ್ರಿಪ್ ಕತ್ತರಿಸುವುದಕ್ಕೂ ಒಂದು ರೀತಿ ಇದೆ. ಹೆಸರು, ತಾರೀಕು ಅಚ್ಚಾದ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ ಮಾತ್ರೆ ತೆಗೆಯುತ್ತಾ ಬನ್ನಿ. ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ.

ಸುಮ್ನೆ ಓದುಗ

ಥರ್ಮಾಮೀಟರ್‌ಗೆ ಒಂದು ಬಿಡಿ ಬ್ಯಾಟರಿ ತಂದು ಡಬ್ಬದ ಒಳಗೆ ಇಟ್ಟುಬಿಡಿ ಅನ್ನಲು ಬಂದೆ.

ನೈಟ್ ಡ್ಯೂಟಿ

ಒಳ್ಳೆ ಮಾತು, ಆದರೆ ಬಿಲ್ಲೆಯಂಥ ಬ್ಯಾಟರಿ ಆದರೆ ಮಗುವಿನ ಕೈಗೆ ಸಿಗುವ ಕಡೆ ಬೇಡ. ಮಗು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ಸತ್ತ ಬ್ಯಾಟರಿಯೂ ಅಪಾಯವೇ. ನುಂಗಿರಬಹುದು ಅಂತ ಅನುಮಾನ ಬಂದರೂ ಕಾಯಬಾರದು.

ಹಾಗೇ ಯಾರ ಮನೆಯಲ್ಲಾದರೂ ಪಾದರಸದ ಹಳೇ ಥರ್ಮಾಮೀಟರ್ ಇದ್ದರೆ ಅದಕ್ಕೆ ವಿದಾಯ ಹೇಳಿ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದರ ತಯಾರಿಕೆ ನಿಲ್ಲಿಸಲು 2020 ಅಂತ ಗಡುವು ಇಟ್ಟಿದ್ದರು. ಒಡೆದರೆ ಪೊರಕೆ ಹಾಕಬೇಡಿ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ. ಕಿಟಕಿ ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ, ಗಟ್ಟಿ ಕಾಗದದಿಂದ ಹನಿಗಳನ್ನು ಕೂಡಿಸಿ ಬಿಗಿ ಮುಚ್ಚಳದ ಬಾಟಲಿಗೆ ತುಂಬಿ.

ವಾದಪ್ರಿಯ

ಎಲ್ಲರೂ ಎಸೆಯಿರಿ ಎಸೆಯಿರಿ ಅನ್ನುತ್ತಿದ್ದೀರಿ. ಈ ಎಕ್ಸ್‌ಪೈರಿ ತಾರೀಕು ಅನ್ನೋದೇ ಕಂಪನಿಗಳ ವ್ಯಾಪಾರದ ಉಪಾಯ. ಅಮೆರಿಕದ ಸೈನ್ಯ ತನ್ನ ಔಷಧಿ ದಾಸ್ತಾನನ್ನು ಪರೀಕ್ಷೆ ಮಾಡಿಸಿ ವರ್ಷಗಟ್ಟಲೆ ಅವಧಿ ಹೆಚ್ಚಿಸಿಕೊಂಡಿದೆ. ಹುಡುಕಿ ನೋಡಿ. ನಾನು ಎರಡು ವರ್ಷ ಹಳೇ ಮಾತ್ರೆ ನುಂಗಿದ್ದೇನೆ, ಬದುಕಿದ್ದೇನೆ. ಇನ್ನೊಂದು, ನಮ್ಮ ಮನೆಯಲ್ಲಿ ಒಂದು ಸ್ಟ್ರಿಪ್ ಆ್ಯಂಟಿಬಯೋಟಿಕ್ ಯಾವಾಗಲೂ ಇರುತ್ತದೆ. ಗಂಟಲು ಕೆರೆದ ದಿನವೇ ಶುರು ಮಾಡಿ ಎರಡು ದಿನ ನುಂಗಿದರೆ ಮಾಯ.

ಕೌಂಟರ್ ಹಿಂದಿನವ

ಅರ್ಧ ಸರಿ ಸರ್. ಆ ಯೋಜನೆ 1986ರಲ್ಲಿ ಶುರುವಾಯಿತು, ನಿಜ. 2006ರಲ್ಲಿ 122 ಔಷಧಿಗಳ ಫಲಿತಾಂಶವನ್ನೂ ಪ್ರಕಟಿಸಿದರು, ಬಹಳಷ್ಟು ತಾರೀಕು ದಾಟಿಯೂ ಚೆನ್ನಾಗಿದ್ದವು. ಆದರೆ ಅವು ಸೀಲ್ ಒಡೆಯದೆ, ತಂಪಾದ ಒಣ ಗೋದಾಮಿನಲ್ಲಿ ಇದ್ದವು. ನಿಮ್ಮದು ಎಲ್ಲಿತ್ತು? ಬಚ್ಚಲಮನೆ ಕನ್ನಡಿ ಹಿಂದೆ ತಾನೇ? ಒಂದೇ ಔಷಧಿಯ ಬೇರೆ ಬೇರೆ ಬ್ಯಾಚ್‌ಗಳು ಕೂಡ ಒಂದೇ ತೆರನಾಗಿ ಉಳಿಯಲಿಲ್ಲ, ಅದಕ್ಕೇ ಅವರು ಪ್ರತಿ ಬ್ಯಾಚನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾರೆ. ನಮ್ಮ ನಿಮ್ಮ ಮನೆಯಲ್ಲಿ ಆ ಲ್ಯಾಬ್ ಇಲ್ಲ.

ತಲೆನೋವಿನ ಮಾತ್ರೆ ಒಂದು ತಿಂಗಳು ದಾಟಿದ್ದಕ್ಕೆ ಯಾರೂ ಸಾಯುವುದಿಲ್ಲ, ಒಪ್ಪಿದೆ. ಆದರೆ ಕಣ್ಣಿನ ಹನಿ, ಇನ್ಸುಲಿನ್, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ, ನೀರು ಬೆರೆಸಿದ ಸಿರಪ್, ಇವುಗಳಲ್ಲಿ ಆಟ ಬೇಡ. ಕಣ್ಣಿನ ಹನಿಯ ಸೀಲ್ ಒಡೆದ ಮೇಲೆ ಸಾಮಾನ್ಯವಾಗಿ 28 ದಿನ ಅಷ್ಟೇ, ಬಾಟಲಿ ಮೇಲೆ ಎರಡು ವರ್ಷ ಅಂತ ಇದ್ದರೂ. ಒಡೆದ ದಿನ ಪೆನ್ನಿಂದ ತಾರೀಕು ಬರೆಯಿರಿ. ನಾನು ಎಲ್ಲರಿಗೂ ಹೇಳುತ್ತೇನೆ, ಹತ್ತರಲ್ಲಿ ಒಬ್ಬರೂ ಬರೆಯುವುದಿಲ್ಲ.

ಆ್ಯಂಟಿಬಯೋಟಿಕ್ ಬಗ್ಗೆ ಮಾತ್ರ ಒಂದಿಂಚೂ ಬಿಟ್ಟುಕೊಡುವುದಿಲ್ಲ. ಗಂಟಲು ಕೆರೆತ ಹೆಚ್ಚಿನ ಸಲ ವೈರಸ್‌ನಿಂದ. ಅದು ತಾನಾಗಿಯೇ ಹೋಗುತ್ತದೆ, ಹೆಸರು ನಿಮ್ಮ ಸ್ಟ್ರಿಪ್‌ಗೆ ಬರುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಸಾಲದಷ್ಟು ಪ್ರಮಾಣದಲ್ಲಿ ನುಂಗಿದರೆ ಕ್ರಿಮಿ ಸಾಯುವ ಬದಲು ಔಷಧಿಗೇ ಪಳಗಿಬಿಡುತ್ತದೆ ಅಂತ. ನಿಮ್ಮ ಎರಡು ದಿನದ ಕೋರ್ಸ್ ಅದೇ ಅಲ್ವಾ?

ವಾದಪ್ರಿಯ

ಬಚ್ಚಲಮನೆ ಕನ್ನಡಿ ಹಿಂದೆಯೇ ಇದೆ. ನಿಮಗೆ ಹೇಗೆ ಗೊತ್ತಾಯಿತು?

ಕೌಂಟರ್ ಹಿಂದಿನವ

ಎಲ್ಲರೂ ಅಲ್ಲೇ ಇಡುತ್ತಾರೆ ಸರ್. ಬಿಸಿನೀರಿನ ಹಬೆ ಏಳುವ ಕಡೆ. ಇನ್ನರ್ಧ ಜನ ಒಲೆಯ ಮೇಲಿನ ಶೆಲ್ಫ್‌ನಲ್ಲಿ, ಇಲ್ಲವೇ ಫ್ರಿಜ್‌ನ ತಲೆ ಮೇಲೆ. ಅಲ್ಲೂ ಬಿಸಿಯೇ. ಮಲಗುವ ಕೋಣೆಯ ಬೀರುವಿನ ಮೇಲಿನ ಅರೆ ಒಳ್ಳೆಯದು, ಕತ್ತಲು, ಒಣ, ಮಗುವಿಗೆ ಎಟುಕುವುದಿಲ್ಲ. "ಫ್ರಿಜ್‌ನಲ್ಲಿಡಿ" ಅಂತ ಬರೆದಿದ್ದರೆ ಮಾತ್ರ ಫ್ರಿಜ್. ಎಲ್ಲವನ್ನೂ ಅಲ್ಲಿ ತುರುಕಿದರೆ ತೇವ ಹಿಡಿಯುತ್ತದೆ.

ತುರಿಕೆಪುರಾಣ

ಡಬ್ಬದಲ್ಲಿ ಏನಿರಬಾರದು ಅಂತ ಕೇಳಿದ್ದೀರಲ್ಲ, ಅದಕ್ಕೆ ನನ್ನ ಕಥೆ ಕೇಳಿ.

ನಮ್ಮ ಮನೆಯಲ್ಲಿ ಒಂದು ಟ್ಯೂಬ್ ಇತ್ತು. ಯಾರಿಗೋ ಯಾವಾಗಲೋ ಕೊಟ್ಟಿದ್ದು. ಸೊಳ್ಳೆ ಕಚ್ಚಿದರೂ ಅದೇ, ಬೆವರುಸಾಲೆಗೂ ಅದೇ. ನನಗೆ ತೊಡೆಸಂದಿಯಲ್ಲಿ ದುಂಡಗೆ ಒಂದು ಹುಳಕಡ್ಡಿ ಎದ್ದಿತು. ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ನಿಂತಿತು, ಕೆಂಪು ಮಾಯ. ಬಿಟ್ಟೆ. ವಾರಕ್ಕೆ ಎರಡರಷ್ಟು ಬಂತು. ಮತ್ತೆ ಹಚ್ಚಿದೆ. ಹೀಗೆ ಐದು ತಿಂಗಳು. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅದು ಹುಳಕಡ್ಡಿ ಅಂತ ನೋಡಿದರೆ ಗುರುತೇ ಸಿಗದ ಹಾಗಾಗಿತ್ತು, ಅಂಚೆಲ್ಲ ಕಲಸಿಹೋಗಿತ್ತು. ಟ್ಯೂಬ್ ತೋರಿಸಿದೆ. ಕ್ಲೋಬೆಟಾಸಾಲ್ ಅನ್ನೋ ಬಲವಾದ ಸ್ಟೀರಾಯ್ಡ್, ಜೊತೆಗೆ ಬೂಷ್ಟಿನ ಮದ್ದು, ಆ್ಯಂಟಿಬಯೋಟಿಕ್ ಎಲ್ಲ ಒಂದರಲ್ಲೇ. ಸ್ಟೀರಾಯ್ಡ್ ಉರಿ, ಕೆಂಪನ್ನು ಅಡಗಿಸುತ್ತದೆ. ಆದರೆ ಚರ್ಮದ ಕಾವಲನ್ನೂ ಮಲಗಿಸುತ್ತದೆ, ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಗುಣವಾಗಲು ಮೂರು ತಿಂಗಳು ಹಿಡಿಯಿತು. ಚರ್ಮ ತೆಳ್ಳಗಾಗಿ ಬಿದ್ದ ಗೆರೆಗಳು ಹಾಗೇ ಇವೆ.

ಆ ಟ್ಯೂಬನ್ನು ನಮ್ಮಕ್ಕ ಮುಖಕ್ಕೆ ಹಚ್ಚುತ್ತಿದ್ದಳು, ಬೆಳ್ಳಗಾಗುತ್ತೆ ಅಂತ. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ನೈಟ್ ಡ್ಯೂಟಿ

ನೀವು ಬರೆದಿದ್ದು ಬಹಳ ಜನರಿಗೆ ಉಪಕಾರ ಆಗುತ್ತದೆ. ತುರಿಕೆಗೆ ಮನೆಯಲ್ಲಿ ಕ್ಯಾಲಮೈನ್ ಲೋಷನ್ ಸಾಕು. ಹುಳ ಕಚ್ಚಿ ಊದಿಕೊಂಡರೆ ಸೆಟ್ರಿಜಿನ್ 10 ಮಿ.ಗ್ರಾಂ, ದೊಡ್ಡವರಿಗೆ ದಿನಕ್ಕೊಂದು. ಕೆಲವರಿಗೆ ಅದು ತೂಕಡಿಕೆ ತರುತ್ತದೆ, ನುಂಗಿ ಗಾಡಿ ಓಡಿಸಬಾರದು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮಾತ್ರೆಗಾಗಿ ಹುಡುಕುತ್ತಾ ಕೂರಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ.

ನಿದ್ದೆಗೆಟ್ಟವಳು

ಓದಿ ಓದಿ ತಲೆ ತಿರುಗುತ್ತಿದೆ. ಪಟ್ಟಿ ಕೇಳಿದ್ದೆ, ಇಲ್ಲಿ ಪಾಠ ಸಿಗುತ್ತಿದೆ. ಬೇಜಾರಿಲ್ಲ, ಮುಂದುವರಿಸಿ. ಹೊಟ್ಟೆ ಕೆಟ್ಟರೆ? ಮಗಳಿಗೆ ಭೇದಿ ಶುರುವಾದಾಗ ಓಆರ್‌ಎಸ್ ಅಂತ ರಟ್ಟಿನ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ತಂದಿದ್ದೆವು. ಅದು ಸರೀನಾ?

ಉಪ್ಪುಸಕ್ಕರೆ

ಸರಿ ಅಲ್ಲ! ಇದು ನನಗೆ ಪ್ರಿಯವಾದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಪೊಟ್ಟಣದ ಹಿಂಭಾಗ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ ಪುಡಿ. ಭೇದಿಯಾಗುವಾಗಲೂ ಕರುಳು ಗ್ಲೂಕೋಸ್ ಮತ್ತು ಉಪ್ಪನ್ನು ಒಂದೇ ಬಾಗಿಲಿನಿಂದ ಜೋಡಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರು ಬರುತ್ತದೆ. ಜೋಡಿ ಸರಿಯಾಗಿದ್ದರೆ ಮಾತ್ರ ಇದು ನಡೆಯುವುದು. ಸಕ್ಕರೆ ಜಾಸ್ತಿ ಆದರೆ ಉಲ್ಟಾ, ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಸಿಹಿ ಪಾನೀಯಗಳ ತೊಂದರೆ ಇದೇ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ಹತ್ತಿರ ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಡಾಕ್ಟರಲ್ಲದವರು ಕುಡಿಸಿಯೂ ಜೀವ ಉಳಿಯುತ್ತದೆ ಅಂತ ತೋರಿಸಿದ್ದು ಅದು. ಹಾಗಾಗಿ ನನ್ನ ಪ್ರಕಾರ ಡಬ್ಬದಲ್ಲಿ ಒಂದೇ ಒಂದು ವಸ್ತು ಇಡಬಹುದು ಅಂದರೆ ನಾನು ಈ ಪುಡಿಯ ಪೊಟ್ಟಣವನ್ನೇ ಇಡುತ್ತೇನೆ. ನಾಲ್ಕಾದರೂ ಇರಲಿ.

ಕಲಸುವಾಗ ಪೊಟ್ಟಣದ ಮೇಲೆ ಎಷ್ಟು ನೀರು ಅಂತಿದೆಯೋ ಅಷ್ಟಕ್ಕೆ ಇಡೀ ಪೊಟ್ಟಣ. ಒಂದು ಲೋಟಕ್ಕೆ ಚಿಟಿಕೆ ಅಂತ ಮಾಡಬೇಡಿ. 24 ಗಂಟೆ ಆದ ಮೇಲೆ ಉಳಿದಿದ್ದನ್ನು ಚೆಲ್ಲಿ. ವಾಂತಿ ಆಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಚಮಚ, ನಿಧಾನಕ್ಕೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಕೈತಪ್ಪಿ ಜಾಸ್ತಿ ಆಗಬಾರದು.

ಸುಮ್ನೆ ಓದುಗ

ಭೇದಿ ನಿಲ್ಲಿಸುವ ಮಾತ್ರೆ, ಲೊಪೆರಮೈಡ್, ಇಡಬಹುದಾ? ಪ್ರಯಾಣಕ್ಕೆ ಬೇಕಾಗುತ್ತದೆ.

ಕೌಂಟರ್ ಹಿಂದಿನವ

ದೊಡ್ಡವರಿಗೆ ಮಾತ್ರ ಇಡಿ. ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ನುಂಗಬಾರದು, ಹೊರಗೆ ಹೋಗಬೇಕಾದ ಕೊಳೆಯನ್ನು ಒಳಗೇ ಕೂಡಿಹಾಕಿದ ಹಾಗೆ. ಚಿಕ್ಕ ಮಕ್ಕಳಿಗೆ ಇದು ಬೇಡವೇ ಬೇಡ.

ಎರಡನೇ ಮಗ

ಅತ್ತೆಯವರ ಬಿಪಿ, ಶುಗರ್ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಅಪ್ಪ ಅಮ್ಮ ಇಬ್ಬರನ್ನೂ ನೋಡಿಕೊಳ್ಳುವವನು, ಪೆಟ್ಟು ತಿಂದು ಕಲಿತಿದ್ದೇನೆ.

ಅಪ್ಪನಿಗೆ ಮಂಡಿನೋವು. ಡಬ್ಬದಲ್ಲಿ ನೋವಿನ ಮಾತ್ರೆ ಇತ್ತು, ಐಬುಪ್ರೊಫೆನ್ ಜಾತಿಯದ್ದು. ದಿನಾ ಒಂದು ನುಂಗುತ್ತಿದ್ದರು, ನಮಗೆ ಹೇಳದೆ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಮೊದಲೇ ನಡೆಯುತ್ತಿತ್ತು. ಈ ಮೂರೂ ಸೇರಿದರೆ ಕಿಡ್ನಿಗೆ ಏಟು ಬೀಳುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಆ ಬೇಸಿಗೆಯಲ್ಲಿ ಎರಡು ದಿನ ಭೇದಿಯೂ ಆಗಿ ಮೈ ಒಣಗಿತ್ತು. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಏರಿ ಆಸ್ಪತ್ರೆ ಸೇರಿಸಬೇಕಾಯಿತು. ಪುಣ್ಯಕ್ಕೆ ತಿರುಗಿ ಇಳಿಯಿತು.

ನೆಗಡಿಗೆ ಮೂಗು ಬಿಡಿಸುವ ಮಾತ್ರೆಯೂ ಹಾಗೇ. ಫಿನೈಲೆಫ್ರಿನ್, ಸ್ಯೂಡೋಎಫಿಡ್ರಿನ್ ಅಂತ ಹೆಸರು ಕಂಡರೆ ಬಿಪಿ ಇರುವವರು ಕೇಳದೆ ನುಂಗಬಾರದು. ನಮ್ಮಲ್ಲಿ ಈಗ ಮೂಗಿಗೆ ಉಪ್ಪುನೀರಿನ ಹನಿ ಅಷ್ಟೇ.

ಶುಗರ್ ಮಾತ್ರೆ ನುಂಗುವವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಕೆಳಗೆ ಇಳಿದರೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ.

ನೈಟ್ ಡ್ಯೂಟಿ

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಅತ್ತೆಯವರ ದಿನನಿತ್ಯದ ಮಾತ್ರೆ ಬೇರೆ ಡಬ್ಬದಲ್ಲಿ, ಬೀಗ ಇರುವ ಕಡೆ ಇರಲಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಶುಗರ್ ಮಾತ್ರೆ ಒಂದೇ ಒಂದು ಸಾಕು, ಸಣ್ಣ ಮಗುವಿನ ಸಕ್ಕರೆ ನೆಲಕಚ್ಚಿಸಲು. ಕೆಲವು ಬಿಪಿ ಮಾತ್ರೆಯೂ ಹಾಗೇ. ಬಣ್ಣದ ಕಬ್ಬಿಣದ ಮಾತ್ರೆ ನೋಡಲು ಥೇಟ್ ಮಿಠಾಯಿ, ಅದನ್ನೂ ಮರೆಯಬೇಡಿ. ಅಜ್ಜಿಯ ಕೈಚೀಲ, ದಿಂಬಿನ ಕೆಳಗೆ, ಮನೆಗೆ ಬಂದ ನೆಂಟರ ಬ್ಯಾಗು, ಮಕ್ಕಳಿಗೆ ಮಾತ್ರೆ ಸಿಗುವುದು ಇಂಥ ಕಡೆ. "ಮಿಠಾಯಿ ನುಂಗು ಪುಟ್ಟಾ" ಅಂತ ಮಗುವಿಗೆ ಮಾತ್ರೆ ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ನುಂಗಿಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹಿಂದೆ ವಾಂತಿ ಮಾಡಿಸುವ ಇಪಿಕ್ಯಾಕ್ ಸಿರಪ್ ಮನೆಯಲ್ಲಿಡಿ ಅನ್ನುತ್ತಿದ್ದರು. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಬೇಡ ಅಂದಿತು. ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ.

ಬೆರಳು ಕೊಯ್ದವ

ಬರೀ ಮಾತ್ರೆ ಮಾತ್ರೆ! ಗಾಯಕ್ಕೆ ಏನು? ನಾನು ತಿಂಗಳಿಗೊಮ್ಮೆ ಕೈ ಕೊಯ್ದುಕೊಳ್ಳುತ್ತೇನೆ.

ಉಪ್ಪುಸಕ್ಕರೆ

ನಿಮ್ಮಂಥವರಿಂದಲೇ ಅಂಟುಪಟ್ಟಿ ಹುಟ್ಟಿದ್ದು! 1920ರಲ್ಲಿ ಅರ್ಲ್ ಡಿಕ್ಸನ್ ಅನ್ನೋರು, ಜಾನ್ಸನ್ ಅಂಡ್ ಜಾನ್ಸನ್‌ನಲ್ಲಿ ಹತ್ತಿ ಖರೀದಿ ನೋಡಿಕೊಳ್ಳುತ್ತಿದ್ದವರು. ಹೆಂಡತಿ ಅಡುಗೆ ಮಾಡುವಾಗ ಪದೇ ಪದೇ ಕೈ ಕೊಯ್ದುಕೊಳ್ಳುತ್ತಿದ್ದರು. ಅಂಟು ಟೇಪಿನ ಮೇಲೆ ಗಾಜ್ ಬಟ್ಟೆಯ ತುಂಡು ಕೂರಿಸಿ, ಒಬ್ಬರೇ ಇರುವಾಗಲೂ ಸುತ್ತಿಕೊಳ್ಳುವ ಹಾಗೆ ಮಾಡಿಕೊಟ್ಟರು. ಅದೇ ಬ್ಯಾಂಡ್-ಏಡ್.

ನೈಟ್ ಡ್ಯೂಟಿ

ಕೊಯ್ದ ಗಾಯಕ್ಕೆ ಮೊದಲ ಔಷಧಿ ನಲ್ಲಿ ನೀರು. ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು, ಸುತ್ತಲಿನ ಚರ್ಮಕ್ಕೆ ಸೋಪು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಗಾಯದ ಒಳಗೆ ಸುರಿಯಬೇಡಿ. ನೊರೆ ಬಂದರೆ ಕ್ರಿಮಿ ಸತ್ತಿತು ಅಂತ ಖುಷಿಪಡುತ್ತೇವೆ, ಹೊಸ ಚರ್ಮದ ಜೀವಕೋಶವೂ ಸಾಯುತ್ತದೆ. ರಕ್ತ ನಿಲ್ಲದಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಅರ್ಧ ನಿಮಿಷಕ್ಕೊಮ್ಮೆ ತೆಗೆದು ಇಣುಕಬಾರದು. ಆಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ ಪಟ್ಟಿ ಕಟ್ಟಿ.

ಸುಟ್ಟ ಗಾಯಕ್ಕೆ ತಣ್ಣೀರು, 20 ನಿಮಿಷ. ಗಡಿಯಾರ ನೋಡಿಕೊಂಡು ನಿಲ್ಲಿ, ಯಾಕೆಂದರೆ ಮೂರು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಉಂಗುರ, ಬಳೆ ಊದುವ ಮೊದಲೇ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಎಣ್ಣೆ ಯಾವುದೂ ಬೇಡ. ಎದ್ದ ಗುಳ್ಳೆ ಒಡೆಯಬೇಡಿ. ಮುಖ, ಕೈ, ಕೀಲಿನ ಮೇಲೆ ಸುಟ್ಟಿದ್ದರೆ, ಇಲ್ಲವೇ ಗಾಯ ಅಂಗೈಗಿಂತ ದೊಡ್ಡದಿದ್ದರೆ ಡಾಕ್ಟರ್.

ಸರಿ, ಪಟ್ಟಿ ಕೇಳಿದ್ದಿರಲ್ಲ ಅಮ್ಮ, ಈಗ ಬರೆದುಕೊಳ್ಳಿ. ಪ್ಯಾರಸಿಟಮಾಲ್ ಮಾತ್ರೆ ಒಂದು ಸ್ಟ್ರಿಪ್, ಮಗುವಿನ ಸಿರಪ್ ಒಂದು ಬಾಟಲಿ, ಸಿರಿಂಜ್. ಓಆರ್‌ಎಸ್ ನಾಲ್ಕು ಪೊಟ್ಟಣ. ಸೆಟ್ರಿಜಿನ್. ಎದೆಯುರಿಗೆ ಒಂದು ಆ್ಯಂಟಾಸಿಡ್, ಅದನ್ನು ಬೇರೆ ಮಾತ್ರೆಗಳ ಜೊತೆ ನುಂಗದೆ ಎರಡು ಗಂಟೆ ಅಂತರ ಬಿಡಬೇಕು. ಕ್ಯಾಲಮೈನ್, ಕ್ರಿಮಿ ಕೊಲ್ಲುವ ಪೊವಿಡೋನ್ ಅಯೋಡಿನ್, ಪೆಟ್ರೋಲಿಯಂ ಜೆಲ್ಲಿ. ಉಪ್ಪುನೀರಿನ ಮೂಗಿನ ಹನಿ. ಅಂಟುಪಟ್ಟಿ, ಗಾಜ್, ಪೇಪರ್ ಟೇಪ್, ಉಳುಕಿಗೆ ಒಂದು ಕ್ರೇಪ್ ಬ್ಯಾಂಡೇಜ್. ಕತ್ತರಿ, ಮುಳ್ಳು ತೆಗೆಯುವ ಚಿಮಟ, ಥರ್ಮಾಮೀಟರ್. ಗ್ಲೂಕೋಸ್ ಪುಡಿ. ಇಷ್ಟೇ. ಕೆಮ್ಮಿನ ಸಿರಪ್ ಬೇಕಂತಲೇ ಬಿಟ್ಟಿದ್ದೇನೆ, ಚಿಕ್ಕ ಮಕ್ಕಳಿಗೆ ಅದರಿಂದ ಲಾಭಕ್ಕಿಂತ ತೊಂದರೆಯೇ ಜಾಸ್ತಿ. ಆಸ್ಪಿರಿನ್ 16 ವರ್ಷದ ಒಳಗಿನವರಿಗೆ ಕೊಡಬಾರದು, ರೈ ಸಿಂಡ್ರೋಮ್ ಅನ್ನೋ ಅಪರೂಪದ ಆದರೆ ಕೆಟ್ಟ ಕಾಯಿಲೆ ಬರಬಹುದು. ಡೆಂಗ್ಯೂ ಅನುಮಾನ ಇದ್ದಾಗ ದೊಡ್ಡವರಿಗೂ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ.

ಹೊಸ ಅಪ್ಪ

ಎಸೆಯುವುದು ಹೇಗೆ? ಟಾಯ್ಲೆಟ್‌ಗೆ ಹಾಕಿ ನೀರು ಬಿಟ್ಟರೆ ಆಯ್ತಲ್ಲ?

ಕೌಂಟರ್ ಹಿಂದಿನವ

ಬೇಡ, ಅದು ಕೊನೆಗೆ ಕೆರೆ ಹೊಳೆ ಸೇರುತ್ತದೆ. ಹಳೇ ಔಷಧಿ ವಾಪಸ್ ತಗೊಳ್ಳುವ ವ್ಯವಸ್ಥೆ ಹತ್ತಿರದಲ್ಲಿ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಮಣ್ಣು ಅಥವಾ ಕಾಫಿ ಚರಟದ ಜೊತೆ ಕಲಸಿ, ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಹಾಗೇ ಎಸೆದರೆ ಯಾರಾದರೂ ಹೆಕ್ಕಿಕೊಳ್ಳುತ್ತಾರೆ, ಇಲ್ಲ ಪ್ರಾಣಿ ತಿನ್ನುತ್ತದೆ. ಚೀಟಿಯ ಮೇಲೆ ನಿಮ್ಮ ಹೆಸರಿದ್ದರೆ ಗೀಚಿಬಿಡಿ.

ವಾದಪ್ರಿಯ

ಕನ್ನಡಿ ಹಿಂದಿನದ್ದೆಲ್ಲ ತೆಗೆದೆ. ಒಂದು ಬಾಟಲಿ 2014ರದ್ದು ಸಿಕ್ಕಿತು. ಅದನ್ನು ನಾನು ಸಮರ್ಥಿಸಿಕೊಳ್ಳುವುದಿಲ್ಲ.

ನಿದ್ದೆಗೆಟ್ಟವಳು

ನಿನ್ನೆ ಭಾನುವಾರ ಪೇಪರ್ ಹಾಸಿ ಕೂತೆವು, ಅತ್ತೆಯೂ ಸೇರಿಕೊಂಡರು. ಲೆಕ್ಕ ಕೇಳಿ: ಒಟ್ಟು 43 ವಸ್ತು. ಹೆಸರಿಲ್ಲದ ಸ್ಟ್ರಿಪ್ ತುಂಡು 11. ಅವಧಿ ಮುಗಿದಿದ್ದು 14. ಒಂದೇ ಔಷಧಿ, ಬೇರೆ ಬೇರೆ ಕಂಪನಿ ಹೆಸರಲ್ಲಿ, ನಾಲ್ಕು ಸ್ಟ್ರಿಪ್. ಅರ್ಧ ಉಳಿದ ಆ್ಯಂಟಿಬಯೋಟಿಕ್ ಮೂರು. ಉಳಿಸಿಕೊಂಡಿದ್ದು ಒಂಬತ್ತು ವಸ್ತು ಅಷ್ಟೇ, ಅದರಲ್ಲಿ ಒಂದು ಕತ್ತರಿ. ಅಂಗಡಿಯಿಂದ ಹೊಸದಾಗಿ ತಂದಿದ್ದು ಆರು.

ಡಬ್ಬ ಈಗ ಬೀರುವಿನ ಮೇಲಿನ ಅರೆಯಲ್ಲಿದೆ. ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇವೆ. ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ, ಅತ್ತೆ ದಿನಾ ನುಂಗುವ ಮಾತ್ರೆಗಳ ಹೆಸರು, ಡಾಕ್ಟರ್ ನಂಬರ್. ಅತ್ತೆಯೇ ದಪ್ಪ ಅಕ್ಷರದಲ್ಲಿ ಬರೆದರು, "ಕನ್ನಡಕ ಇಲ್ಲದೆ ನಾನು ಓದುವ ಹಾಗಿರಬೇಕು" ಅಂತ. ಸಿರಪ್ ಬಾಟಲಿಗೆ ಟೇಪ್ ಅಂಟಿಸಿ 16 ಕೆಜಿ, 5 ಮಿ.ಲೀ. ಅಂತ ಬರೆದೆ.

ನೈಟ್ ಡ್ಯೂಟಿ

ಶಭಾಷ್. ಆದರೆ 16 ಅನ್ನೋದು ನಾನು ಉದಾಹರಣೆಗೆ ಹೇಳಿದ್ದಲ್ವಾ? ತೂಗಿ ನೋಡಿದಿರಾ?

ನಿದ್ದೆಗೆಟ್ಟವಳು

ಅಯ್ಯೋ ಇಲ್ಲ! ಈಗ ತೂಗಿದೆ, 17.4 ಕೆಜಿ.

ನೈಟ್ ಡ್ಯೂಟಿ

261 ಮಿ.ಗ್ರಾಂ. 250ರ ಬಾಟಲಿಯಲ್ಲಿ ಅದೇ 5 ಮಿ.ಲೀ. ಸಾಕು, ಹನಿ ಲೆಕ್ಕ ಬೇಡ. ತೂಕ ಮಾತ್ರ ಹೊಡೆದುಹಾಕಿ ಬರೆಯಿರಿ. ಮೂರು ತಿಂಗಳು ಬಿಟ್ಟು ಮತ್ತೆ ತೂಗಿ.